36 ದಿನದ ಸುತ್ತು, ಐದು ಖಾಲಿ ದಿನ

2025ರ ನವೆಂಬರ್ ಕೊನೆಯ ವಾರ ನಾನು ಮತ್ತು ಅಕ್ಕ ಬೆಂಗಳೂರಿನಿಂದ ಹೊರಟೆವು. ಕನ್ಯಾಕುಮಾರಿ, ಅಸ್ಸಾಂ, ಮೇಘಾಲಯ, ಕಾಶ್ಮೀರ, ಗುಜರಾತ್ ಸುತ್ತಿ, ವರ್ಷದ ಕೊನೆಯಲ್ಲಿ ಕೊಂಕಣದ ಹಾದಿ ಹಿಡಿದು ಮರಳಿದೆವು. ಸ್ವಂತ ಕಾರು ಒಯ್ಯಲಿಲ್ಲ, ಪ್ಯಾಕೇಜ್ ಪ್ರವಾಸಕ್ಕೂ ಸೇರಲಿಲ್ಲ. ರೈಲು, ಸರ್ಕಾರಿ ಬಸ್, ಶೇರ್ ಸುಮೊ, ದೋಣಿ, ಹಡಗು ಮತ್ತು ಒಂದೇ ಒಂದು ವಿಮಾನ. ಅಕ್ಕನಿಗೆ ಐವತ್ತೆಂಟು ವರ್ಷ, ಮಂಡಿನೋವಿದೆ. ಹಾಗಾಗಿ ಎಲ್ಲಿ ಬೇಕಾದರೂ ಚೀಲ ತಲೆಗಿಟ್ಟು ಮಲಗಬಲ್ಲ ಹುಡುಗರ ಲೆಕ್ಕ ಇದಲ್ಲ.

ಯೋಜನೆ ಹಾಕುವಾಗ ಎಲ್ಲರ ಕಣ್ಣೂ ಮೊದಲು ಉದ್ದದ ರೈಲುಗಳ ಮೇಲೆ ಬೀಳುತ್ತದೆ. ನಾನು ತುದಿಗಳಿಂದ ಶುರು ಮಾಡಿದೆ. ನಮ್ಮ ದೇಶದಲ್ಲಿ ಎರಡು ಸಾವಿರ ಕಿಲೋಮೀಟರ್ ದಾಟುವುದು ಕಷ್ಟವಲ್ಲ, ಹತ್ತಿ ಮಲಗಿದರಾಯಿತು. ರೈಲು ಇಳಿದ ಮೇಲಿನ ನೂರು ಕಿಲೋಮೀಟರ್ ನಿಜವಾದ ಪರೀಕ್ಷೆ. ಅಲ್ಲಿ ಕೊನೆಯ ದೋಣಿ ಎಷ್ಟು ಗಂಟೆಗೆ, ಸುಮೊ ಎಲ್ಲಿ ನಿಲ್ಲುತ್ತದೆ, ಕತ್ತಲಾಗುವುದು ಯಾವಾಗ ಎಂಬುದನ್ನು ಬರೆದುಕೊಂಡು, ಅದಕ್ಕೆ ಹೊಂದುವ ರೈಲನ್ನು ಆಮೇಲೆ ಹುಡುಕಿದೆ. ಕೊಂಡಿ ಕಳಚಬಹುದು ಎನಿಸಿದ ಕಡೆಗಳಲ್ಲಿ ಖಾಲಿ ದಿನ ಇಟ್ಟೆ. ಮಜುಲಿಗೆ ಒಂದು, ಗಂಗೆಯ ಬಯಲಿಗೆ ಎರಡು, ಶ್ರೀನಗರಕ್ಕೆ ಒಂದು, ಭಾವನಗರಕ್ಕೆ ಒಂದು. ಒಟ್ಟು ಐದು. "ರಜೆ ಹಾಳು ಮಾಡುತ್ತಿದ್ದೀಯ" ಎಂದು ಅಕ್ಕ ಆಗ ಬೇಸರಪಟ್ಟಿದ್ದಳು.

ಟಿಕೆಟ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರವಾಸ ಗೆಲ್ಲುವುದೂ ಸೋಲುವುದೂ ಅಲ್ಲಿಯೇ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಉದ್ದದ ರೈಲುಗಳಲ್ಲಿ ಹೆಚ್ಚಿನ ಬರ್ತ್‌ಗಳು ರೈಲು ಹೊರಡುವ ನಿಲ್ದಾಣದ ಕೋಟಾದಲ್ಲಿರುತ್ತವೆ, ನಡುವಿನ ಊರುಗಳಿಗೆ ಸಿಗುವುದು ಚೂರುಪಾರು. ವೇಟಿಂಗ್ ಲಿಸ್ಟ್‌ನಲ್ಲೂ ಜನರಲ್ ಪಟ್ಟಿ ಬೇಗ ಕರಗುತ್ತದೆ, ನಡುವಿನ ಊರುಗಳು ಹಂಚಿಕೊಳ್ಳುವ ಪೂಲ್ಡ್ ಕೋಟಾದ ಪಟ್ಟಿ ಕದಲುವುದು ಅಪರೂಪ. ಆದ್ದರಿಂದ ನಡುವಿನ ಊರಿನಲ್ಲಿ ಹತ್ತುವಾಗ ನಾನು ಎರಡು ಸಲ ಹಿಂದಿನ ದೊಡ್ಡ ನಿಲ್ದಾಣದಿಂದಲೇ ಟಿಕೆಟ್ ತೆಗೆದು, ಬೋರ್ಡಿಂಗ್ ಸ್ಟೇಷನ್ ಬದಲಿಸಿಕೊಂಡೆ. ಸ್ವಲ್ಪ ಹಣ ಹೆಚ್ಚಾಗುತ್ತದೆ, ಬರ್ತ್ ಖಚಿತವಾಗುತ್ತದೆ. ನಲವತ್ತೈದು ದಾಟಿದ ಮಹಿಳೆಯರಿಗೆ ಲಭ್ಯವಿದ್ದರೆ ಕೆಳಗಿನ ಬರ್ತ್ ತಾನಾಗಿಯೇ ಹಂಚಿಕೆಯಾಗುತ್ತದೆ. ಅಕ್ಕನಿಗೆ ಒಂದು ಸಲವೂ ಮೇಲಿನ ಬರ್ತ್ ಬರಲಿಲ್ಲ. ಒಮ್ಮೆ ಮಾತ್ರ ಇಬ್ಬರಿಗೂ ಆರ್‌ಎಸಿ ಬಂದು, ಒಂದೇ ಸೈಡ್ ಲೋಯರ್‌ನಲ್ಲಿ ಎದುರುಬದುರು ಕುಳಿತು ರಾತ್ರಿ ಕಳೆದೆವು.

ಸರ್ಕ್ಯುಲರ್ ಜರ್ನಿ ಟಿಕೆಟ್ ಏಕೆ ತೆಗೆದುಕೊಳ್ಳಲಿಲ್ಲ ಎಂದು ರೈಲು ಬಲ್ಲ ಗೆಳೆಯರು ಕೇಳಿದರು. ಹೊರಟ ನಿಲ್ದಾಣಕ್ಕೇ ಮರಳುವ ಸುತ್ತಿಗೆ ಅದು ಒಳ್ಳೆಯ ಸೌಲಭ್ಯ. ಗರಿಷ್ಠ ಎಂಟು ಕಡೆ ಇಳಿಯಬಹುದು, ದೂರ ಹೆಚ್ಚಿದಂತೆ ದರ ಇಳಿಯುವ ಲೆಕ್ಕ ಇರುವುದರಿಂದ ಬಿಡಿ ಟಿಕೆಟ್‌ಗಳಿಗಿಂತ ಅಗ್ಗ. ಆದರೆ ಪ್ರತಿ ಹಂತದ ಬರ್ತನ್ನು ಪ್ರತ್ಯೇಕವಾಗಿ ಕಾಯ್ದಿರಿಸಲೇಬೇಕು. ನಮ್ಮ ದಾರಿಯಲ್ಲಿ ದೋಣಿ, ಬಸ್, ವಿಮಾನ ಸೇರಿದ್ದರಿಂದ ಅದು ನಮಗೆ ಹೊಂದಲಿಲ್ಲ. ರೈಲಿನಲ್ಲೇ ಸುತ್ತುವವರು ಅದನ್ನು ಖಂಡಿತ ವಿಚಾರಿಸಬೇಕು.

ಕನ್ಯಾಕುಮಾರಿಯಿಂದ ಡಿಬ್ರುಗಢಕ್ಕೆ ವಿವೇಕ್ ಎಕ್ಸ್‌ಪ್ರೆಸ್ ಹಿಡಿದೆವು. ಸುಮಾರು 4,200 ಕಿಲೋಮೀಟರ್, 75 ಗಂಟೆಯ ಆಸುಪಾಸು. ದೇಶದಲ್ಲಿ ಇದಕ್ಕಿಂತ ಉದ್ದದ ರೈಲು ಹಾದಿಯಿಲ್ಲ. ಸರಾಸರಿ ವೇಗ ಗಂಟೆಗೆ ಐವತ್ತೈದು ಕಿಲೋಮೀಟರ್ ಚಿಲ್ಲರೆ. ಮೊದಲ ದಿನ ನಾನು ಪ್ರತಿ ನಿಲ್ದಾಣದಲ್ಲೂ ವೇಳೆ ತಾಳೆ ನೋಡುತ್ತಿದ್ದೆ. ಅಕ್ಕ, "ಆ ಮೊಬೈಲ್ ಒಳಗಿಡು, ಇನ್ನೂ ಮೂರು ರಾತ್ರಿ ಇದೆ" ಎಂದಳು. ಎರಡನೆಯ ದಿನಕ್ಕೆ ನನಗೂ ರೈಲಿನ ಲಯ ಒಗ್ಗಿತು. ಕೇರಳದಲ್ಲಿ ದುಡಿದು ಊರಿಗೆ ಹೊರಟಿದ್ದ ಅಸ್ಸಾಮಿನ ಯುವಕರು ನಮ್ಮ ಬೋಗಿಯ ತುಂಬ ಇದ್ದರು. ಆ ದಾರಿಯನ್ನು ಹಲವು ಬಾರಿ ಓಡಾಡಿದ್ದ ಒಬ್ಬ ಹುಡುಗ ಅಕ್ಕನಿಗೆ, "ದೀದಿ, ಬಟ್ಟೆ ಒಗೆಯುವುದಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಏಳಿ, ಆಮೇಲೆ ನೀರು ಮುಗಿಯುತ್ತದೆ" ಎಂದ. ಎಷ್ಟೋ ಮಾರ್ಗದರ್ಶಿ ಪುಸ್ತಕಗಳಲ್ಲಿ ಸಿಗದ ಮಾತು. ಮೂರು ರಾತ್ರಿಗಿಂತ ಹೆಚ್ಚು ಒಂದೇ ರೈಲಿನಲ್ಲಿ ಕೂರುವುದನ್ನು ನಾನು ಯಾರಿಗೂ ಒತ್ತಾಯಿಸುವುದಿಲ್ಲ. ಆದರೆ ತೆಂಗಿನ ತೋಟ ಕಳೆದು ಗೋದಾವರಿ, ಮಹಾನದಿ ದಾಟಿ, ಬಂಗಾಳದ ಗದ್ದೆಗಳ ನಂತರ ಚಹಾ ತೋಟ ಬರುವುದನ್ನು ಕಿಟಕಿಯಲ್ಲಿ ಬಿಡದೆ ನೋಡಿದವರಿಗೆ ಈ ದೇಶದ ಅಳತೆ ಮೈಗೆ ತಿಳಿಯುತ್ತದೆ.

ಮಜುಲಿ ದ್ವೀಪಕ್ಕೆ ಜೋರ್ಹಾಟ್ ಹತ್ತಿರದ ನಿಮಾತಿ ಘಾಟ್‌ನಿಂದ ಬ್ರಹ್ಮಪುತ್ರದಲ್ಲಿ ದೋಣಿ. ಜನ, ಬೈಕು, ಕೋಳಿ, ಸೈಕಲ್ ಎಲ್ಲವೂ ಅದರಲ್ಲೇ. ಪೂರ್ವದಲ್ಲಿ ಡಿಸೆಂಬರ್ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ, ಕೊನೆಯ ದೋಣಿ ಅದಕ್ಕೂ ಮೊದಲು. ಡಿಬ್ರುಗಢದಿಂದ ನಾವು ಹತ್ತಿದ ಬಸ್ ಜನ ತುಂಬುವವರೆಗೆ ಹೊರಡಲಿಲ್ಲ. ಘಾಟ್ ತಲುಪಿದಾಗ ಮರಳಿನ ದಡವಷ್ಟೇ ಉಳಿದಿತ್ತು. ಜೋರ್ಹಾಟ್‌ಗೆ ಹಿಂದಿರುಗಿ ಉಳಿದೆವು. ಮೊದಲ ಖಾಲಿ ದಿನ ಹೀಗೆ ಖರ್ಚಾಯಿತು. ಅಕ್ಕ ಏನೂ ಹೇಳಲಿಲ್ಲ.

ಶಿಲ್ಲಾಂಗ್‌ಗೆ ರೈಲಿಲ್ಲ. ಗುವಾಹಟಿ ನಿಲ್ದಾಣದ ಪಕ್ಕದ ಪಲ್ಟನ್ ಬಜಾರ್‌ನಿಂದ ಶೇರ್ ಸುಮೊ ಸಿಗುತ್ತದೆ, ನೂರು ಕಿಲೋಮೀಟರ್ ಹಾದಿ, ಮೂರು ಗಂಟೆ. ನಡುವಿನ ಸಾಲಿನಲ್ಲಿ ನಾಲ್ವರನ್ನು ಕೂರಿಸುತ್ತಾರೆ. ನಾವು ಇಬ್ಬರೇ ಆದರೂ ಮೂರು ಸೀಟಿನ ಹಣ ಕೊಟ್ಟೆವು. ಮಂಡಿ ಮಡಚಲಾಗದವರು ಇದನ್ನು ದುಂದು ಎನ್ನಬಾರದು.

ಇನ್ನು ಗಂಗೆಯ ಬಯಲು. ಡಿಸೆಂಬರ್ ನಡುವಿನಿಂದ ಅಲ್ಲಿ ಬೀಳುವ ಮಂಜಿಗೆ ಸಿಗ್ನಲ್‌ಗಳೂ ಕಾಣುವುದಿಲ್ಲ, ರೈಲುಗಳು ತೆವಳುತ್ತವೆ. ಗುವಾಹಟಿಯಿಂದ ಬಂದ ನಮ್ಮ ರೈಲು ಬದಲಿಸಬೇಕಾದ ಜಂಕ್ಷನ್ ತಲುಪಿದಾಗ ಹನ್ನೊಂದು ಗಂಟೆ ತಡವಾಗಿತ್ತು. ದೆಹಲಿಗೆ ಹೋಗುವ ಮುಂದಿನ ರೈಲು ಎಂದೋ ಹೊರಟುಹೋಗಿತ್ತು, ಅದರ ಹಣವೂ ಹೋಯಿತು. ಈ ತಪ್ಪು ಪೂರ್ತಿ ನನ್ನದು. 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್‌ಗಳನ್ನು ಕೊಂಡಿ ಪ್ರಯಾಣವಾಗಿ ಜೋಡಿಸುವ ಅವಕಾಶವಿದೆ. ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು, ಮೊದಲ ರೈಲು ಇಳಿಸುವ ಕಡೆಯಿಂದಲೇ ಎರಡನೆಯದು ಹೊರಡಬೇಕು. ಹಾಗೆ ಜೋಡಿಸಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ರದ್ದತಿ ಶುಲ್ಕವಿಲ್ಲದೆ ಉಳಿದ ಪ್ರಯಾಣದ ಹಣ ಮರಳುತ್ತದೆ. ನಾನು ಅದನ್ನು ಓದಿದ್ದೆ, ಮಾಡಿರಲಿಲ್ಲ. ಆ ರಾತ್ರಿ ವೇಟಿಂಗ್ ರೂಮಿನ ಕುರ್ಚಿಯಲ್ಲಿ ಅಕ್ಕ ಮಂಡಿಗೆ ಶಾಲು ಸುತ್ತಿಕೊಂಡು ಕುಳಿತಿದ್ದುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಮರುದಿನ ತತ್ಕಾಲ್‌ಗೆ ಕುಳಿತೆ. ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ ತೆರೆಯುತ್ತದೆ, ಆನ್‌ಲೈನ್‌ನಲ್ಲಿ ಆಧಾರ್ ದೃಢೀಕರಣ ಈಗ ಕಡ್ಡಾಯ. ಎರಡು ಬರ್ತ್ ಸಿಕ್ಕಿತು. ಎರಡೂ ಖಾಲಿ ದಿನಗಳು ಮುಗಿದವು, ಆದರೆ ಮೊದಲೇ ಕಾಯ್ದಿರಿಸಿದ್ದ ಕಟ್ರಾ–ಶ್ರೀನಗರ ರೈಲು ಕೈತಪ್ಪಲಿಲ್ಲ.

ಆ ರೈಲು ತಪ್ಪಿದ್ದರೆ ನನಗೆ ಬಹಳ ನೋವಾಗುತ್ತಿತ್ತು. 2025ರ ಜೂನ್ 6ರಂದು ಆರಂಭವಾದ ಆ ವಂದೇ ಭಾರತ್‌ಗಾಗಿ ದೆಹಲಿಯಿಂದ ಬಂದವರು ಕಟ್ರಾದಲ್ಲಿ ಇಳಿದು ಹತ್ತಬೇಕಿತ್ತು. ಹಿಂದೆಲ್ಲ ಭೂಕುಸಿತಕ್ಕೆ ಮುಚ್ಚಿಹೋಗುವ ಹೆದ್ದಾರಿಯನ್ನೇ ನಂಬಬೇಕಾಗಿದ್ದ ಕಣಿವೆಗೆ ಈಗ ಸುಮಾರು ಮೂರು ಗಂಟೆ. ಹೆಚ್ಚಿನ ಹೊತ್ತು ಸುರಂಗದ ಕತ್ತಲು. ನಡುವೆ ತಟ್ಟನೆ ಬೆಳಕು, ಕೆಳಗೆ ಚಿನಾಬ್. ನದಿಯ ತಳದಿಂದ 359 ಮೀಟರ್ ಎತ್ತರದ, 1,315 ಮೀಟರ್ ಉದ್ದದ ಸೇತುವೆ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಬೋಗಿಯಲ್ಲಿ ಯಾರೂ ಮಾತಾಡಲಿಲ್ಲ. ಒಂದು ಎಚ್ಚರಿಕೆ: ಹೊರ ರಾಜ್ಯದ ನಮ್ಮ ಪ್ರೀಪೇಯ್ಡ್ ಸಿಮ್‌ಗಳು ಅಲ್ಲಿ ಸತ್ತುಹೋದವು. ಒಟಿಪಿ ಬಾರದಿದ್ದರೆ ಟಿಕೆಟ್ ಕೊಳ್ಳುವುದೂ ಅಸಾಧ್ಯ. ಪೋಸ್ಟ್‌ಪೇಯ್ಡ್ ಇಲ್ಲದವರು ಮುಂದಿನ ಟಿಕೆಟ್‌ಗಳನ್ನು ಕಣಿವೆಗೆ ಹೋಗುವ ಮೊದಲೇ ಮುಗಿಸಿಕೊಳ್ಳಬೇಕು.

ಶ್ರೀನಗರದಿಂದ ದೆಹಲಿಗೆ ವಿಮಾನ. ಚೀಲಗಳನ್ನು ಏಳು ಕಿಲೋದೊಳಗೆ ಇಟ್ಟುಕೊಂಡಿದ್ದರ ಲಾಭ ಇಲ್ಲಿ ಕಂಡಿತು, ಎರಡೂ ನಮ್ಮ ಕೈಯಲ್ಲೇ ಬಂದವು. ಆ ನಿಲ್ದಾಣದಲ್ಲಿ ಹೊರಗಿನ ಗೇಟಿನಿಂದಲೇ ತಪಾಸಣೆ ಶುರುವಾಗುವುದರಿಂದ ಮೂರು ಗಂಟೆ ಮುಂಚೆ ಹೋಗುವುದು ಒಳ್ಳೆಯದು. ಬೆಳಗಿನ ಮಂಜಿಗೆ ಹೆದರಿ ಮಧ್ಯಾಹ್ನದ ವಿಮಾನ ಆರಿಸಿದ್ದೆ. ಮಂಜು ಮಧ್ಯಾಹ್ನವೂ ಕರಗಲಿಲ್ಲ, ವಿಮಾನ ರದ್ದಾಯಿತು. ನಾಲ್ಕನೆಯ ಖಾಲಿ ದಿನ. ಈ ಸಲ ಅಕ್ಕ ತಾನಾಗಿಯೇ, "ಇದಕ್ಕೇ ಇಟ್ಟಿದ್ದೆ ಅಲ್ಲವೇ" ಎಂದಳು.

ದೆಹಲಿಯಿಂದ ಅಹಮದಾಬಾದ್‌ಗೆ ರಾತ್ರಿ ರೈಲು, ಅಲ್ಲಿಂದ ಭಾವನಗರಕ್ಕೆ ಸರ್ಕಾರಿ ಬಸ್. ಮುನ್ನೂರು ಕಿಲೋಮೀಟರ್ ಒಳಗೆ ಹಗಲಿನ ಸರ್ಕಾರಿ ಬಸ್ಸಿಗಿಂತ ನೆಮ್ಮದಿಯ ವಾಹನ ನನಗೆ ಸಿಕ್ಕಿಲ್ಲ, ಬೇಕೆಂದಾಗ ಇಳಿಯಬಹುದು. ಘೋಘಾದಿಂದ ಸೂರತ್ ಬಳಿಯ ಹಜೀರಾಕ್ಕೆ ಹಡಗು. ಖಂಭಾತ್ ಕೊಲ್ಲಿಯನ್ನು ಬಳಸಿ ರಸ್ತೆಯಲ್ಲಿ ಹೋದರೆ 370 ಕಿಲೋಮೀಟರ್, ನೀರಿನ ಮೇಲೆ 90. 2020ರ ನವೆಂಬರ್‌ನಿಂದ ಓಡುತ್ತಿರುವ ಈ ಹಡಗಿನ ಹೊಟ್ಟೆಯಲ್ಲಿ ಲಾರಿಗಳು, ಮೇಲೆ ನಾವು. ಅಂದು ಅದು ಹೇಳಿದ ವೇಳೆಗೇ ಹೊರಟಿತು, ಐದನೆಯ ಖಾಲಿ ದಿನ ಕೈಯಲ್ಲೇ ಉಳಿಯಿತು.

ಮುಂಬೈಯಿಂದ ಮಡಗಾಂವ್‌ಗೆ ಹಗಲಿನ ಮಾಂಡೋವಿ ಎಕ್ಸ್‌ಪ್ರೆಸ್. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ಹಾದಿಯನ್ನು ರಾತ್ರಿ ದಾಟುವುದು ದೊಡ್ಡ ನಷ್ಟ. ಆರೂವರೆ ಕಿಲೋಮೀಟರ್‌ನ ಕರಬುಡೆ ಸುರಂಗ, ರತ್ನಾಗಿರಿಯ ಹತ್ತಿರ 64 ಮೀಟರ್ ಎತ್ತರದ ಪಾನ್ವಲ್ ಸೇತುವೆ, ಎದುರಿನಿಂದ ಲಾರಿಗಳನ್ನೇ ಹೊತ್ತು ಬರುವ ರೋರೋ ರೈಲು. ಮಡಗಾಂವ್‌ನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಕಾರವಾರದ ಬಸ್ ಹತ್ತಿದೆವು. ಕಂಡಕ್ಟರ್ "ಎಲ್ಲಿಗೆ?" ಎಂದು ಕನ್ನಡದಲ್ಲಿ ಕೇಳಿದಾಗ ಅಕ್ಕ ಉತ್ತರಿಸುವ ಮೊದಲು ಒಂದು ಕ್ಷಣ ಸುಮ್ಮನಿದ್ದಳು.

ಬೆಂಗಳೂರಿನ ರೈಲು ಮರುದಿನಕ್ಕೆ ಇತ್ತು. ಉಳಿದ ಆ ಒಂದು ಖಾಲಿ ದಿನವನ್ನು ನಾವು ಕಾರವಾರದ ಕಡಲತೀರದಲ್ಲಿ ಕಳೆದೆವು. ಅಕ್ಕ ಚಪ್ಪಲಿ ಬಿಟ್ಟು ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕುಳಿತು, ನನ್ನ ನೋಟುಪುಸ್ತಕ ಇಸಿದುಕೊಂಡು ಲಡಾಖ್‌ಗೆ ಎಷ್ಟು ಖಾಲಿ ದಿನ ಇಡಬೇಕೆಂದು ಲೆಕ್ಕ ಹಾಕುತ್ತಿದ್ದಳು.