ಹಿಂದಿನವರ ಹಾಲು ಮುಂದಿನವರ ಲೆಕ್ಕಕ್ಕೆ

ಮುಳಬಾಗಿಲು ಕಡೆಯ ನಮ್ಮೂರಿನ ಡೈರಿಗೆ ನನ್ನ ಮಾವನೇ ಸೆಕ್ರೆಟರಿ. ಬೆಳಿಗ್ಗೆ ತೂಕದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು, ರಾತ್ರಿ ಅದನ್ನೇ ಮತ್ತೆ ಕಂಪ್ಯೂಟರಿಗೆ ಹೊಡೆಯುವುದು. ತೂಕದ ಯಂತ್ರದ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಸುಮ್ನೆ ಧೂಳು ಹಿಡಿದು ಕೂತಿತ್ತು. ಅದರ ಮೂಲಕ ತೂಕ ನೇರವಾಗಿ ಕಂಪ್ಯೂಟರಿಗೇ ಬರಲಿ ಅಂತ ಹೊರಟೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಉಬುಂಟು 22.04 (ಲಿನಕ್ಸ್) ಹಾಕಿದ್ದೆ. ಯುಎಸ್‌ಬಿ ಕನ್ವರ್ಟರ್ ಕೇಬಲ್ ಒಂದನ್ನು ತಂದೆ.

ಚುಚ್ಚಿದರೆ ಪೋರ್ಟೇ ಕಾಣಲಿಲ್ಲ. ಕಣ್ಣು ಕಾಣದವರು ಬಳಸುವ ಬ್ರೈಲ್ ಸಾಧನಕ್ಕಾಗಿ ಬಿಆರ್‌ಎಲ್‌ಟಿಟಿವೈ ಅಂತ ಒಂದು ಪ್ರೋಗ್ರಾಂ ಇದೆ. ಅದು ನನ್ನ ಕೇಬಲ್ಲಿನ ಸಿಎಚ್340 ಚಿಪ್ಪನ್ನು ತನ್ನದೇ ಅಂದುಕೊಂಡು ಹಿಡಿದಿತ್ತು. ನಮಗೆ ಬೇಡದ್ದರಿಂದ ತೆಗೆದೆ. ಆಮೇಲೆ ಪೋರ್ಟ್ ತೆರೆಯಲು ಪರ್ಮಿಷನ್ ತಕರಾರು. ಆ ಪರ್ಮಿಷನ್ ಇರುವ ಡಯಲ್‌ಔಟ್ ಗುಂಪಿಗೆ ನನ್ನನ್ನು ಸೇರಿಸಿಕೊಂಡು, ಲಾಗೌಟ್ ಆಗಿ ಬಂದೆ, ಮುಗಿಯಿತು.

ಎಸ್‌ಟಿಟಿವೈ ಅಂತ ಪೋರ್ಟಿನ ಸೆಟ್ಟಿಂಗ್ ಬದಲಿಸುವ ಕಮಾಂಡಿನಲ್ಲಿ ವೇಗ 9600 ಕೊಟ್ಟಾಗ ಕಸದಂತಹ ಅಕ್ಷರ ಬಂದವು. 2400 ಕೊಟ್ಟಾಗ ಅಂಕಿ ಬಂತು. ಜೊತೆಗೆ, ಬಂದ ಅಕ್ಷರಗಳನ್ನು ಬದಲಿಸದೆ ಹಾಗೇ ಕೊಡುವ ರಾ ಮೋಡ್ ಹಾಕಿದೆ. ಇಲ್ಲೊಂದು ವಿಷಯ: ರಾ ಹಾಕಿದರೆ ಎಕೋ ತಾನಾಗಿ ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿ ಆರಿಸಬೇಕು. ಇಲ್ಲದಿದ್ದರೆ ಯಂತ್ರ ಕಳಿಸಿದ್ದನ್ನೇ ನಮ್ಮ ಕಂಪ್ಯೂಟರ್ ಅದಕ್ಕೆ ವಾಪಸ್ ಕಳಿಸುತ್ತಿರುತ್ತದೆ.

ಬಂದದ್ದನ್ನು ಪರದೆಗೆ ತೋರಿಸುವ ಕ್ಯಾಟ್ ಕಮಾಂಡಿನಲ್ಲಿ ನೋಡಿದರೆ ಅಂಕಿ ಚೆನ್ನಾಗಿ ಕಾಣುತ್ತಿತ್ತು, ಆದರೆ ಒಂದೇ ಜಾಗದಲ್ಲಿ ಬದಲಾಗುತ್ತಿತ್ತು. ನಾನು ಬರೆದ ಸ್ಕ್ರಿಪ್ಟಿನಲ್ಲಿ (ಸಾಲಾಗಿ ಓಡುವ ಕಮಾಂಡುಗಳ ಫೈಲು) ಒಂದು ಸಾಲು ಓದುವ ರೀಡ್ ಕಮಾಂಡ್ ಹಾಕಿದರೆ ಅಲ್ಲೇ ನಿಂತುಬಿಡುತ್ತಿತ್ತು. ಎರಡೂ ಒಂದೇ ರೋಗ ಅಂತ ಹೊಳೆಯಲು ಒಂದು ಸಂಜೆ ಹಿಡಿಯಿತು. ಯಂತ್ರ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್, ಅಂದರೆ ಅದೇ ಸಾಲಿನ ಶುರುವಿಗೆ ಹೋಗು ಅನ್ನುವ ಗುರುತು ಮಾತ್ರ ಕಳಿಸುತ್ತಿತ್ತು. ರೀಡ್ ಕಾಯುತ್ತಿದ್ದದ್ದು ನ್ಯೂಲೈನಿಗೆ, ಅಂದರೆ ಹೊಸ ಸಾಲಿನ ಗುರುತಿಗೆ. ಕ್ಯಾರೇಜ್ ರಿಟರ್ನಿಗೇ ಸಾಲು ಮುಗಿಯುತ್ತದೆ ಎಂದು ರೀಡ್‌ನ ಡಿ ಆಪ್ಷನ್ನಿನಲ್ಲಿ ಹೇಳಿದೆ. ಕೇಬಲ್ ಕಿತ್ತರೆ ಸುಮ್ಮನೆ ಕಾಯುತ್ತಾ ಕೂರಬಾರದು ಅಂತ ಎರಡು ಸೆಕೆಂಡಿನ ಟೈಮ್‌ಔಟನ್ನೂ ಕೊಟ್ಟೆ.

ಪೋರ್ಟನ್ನು ಸ್ಕ್ರಿಪ್ಟಿನ ಶುರುವಿನಲ್ಲೇ ಎಕ್ಸೆಕ್‌ನಿಂದ ತೆರೆದಿಟ್ಟು, ಎಂಟರ್ ಒತ್ತಿದಾಗ ಒಂದು ಅಂಕಿ ಓದುವಂತೆ ಮಾಡಿದ್ದೆ. ಮೊದಲನೇ ದಿನ ಎರಡನೆಯವರೇ ಒಬ್ಬ ಅಜ್ಜಿ. ಯಂತ್ರದ ಮೇಲೆ 3.2 ಕೆಜಿ, ಪರದೆಯ ಮೇಲೆ 14.6.

"ನಮ್ಮ ಹಸು ಬತ್ತೋ ಕಾಲಕ್ಕೆ ಇಷ್ಟೊಂದು ಕೊಡ್ತಾ ಐತಾ ಮಗಾ?" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವ ನಗಲಿಲ್ಲ.

14.6 ಅಜ್ಜಿಯ ಮುಂದೆ ನಿಂತಿದ್ದವರ ಹಾಲು. ಯಂತ್ರ ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಲೇ ಇರುತ್ತದೆ. ನಾನು ಒಂದನ್ನು ಓದಿ ಸುಮ್ಮನಾದರೂ ಉಳಿದವನ್ನೆಲ್ಲ ಕರ್ನಲ್ (ಲಿನಕ್ಸಿನ ಒಳತಿರುಳು) ತನ್ನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ಸಾಲಾಗಿ ಇಟ್ಟಿರುತ್ತದೆ. ಮುಂದಿನ ಸಲ ಕೈಗೆ ಸಿಗುವುದು ಅದರಲ್ಲಿ ಹಳೆಯದೇ ಅಲ್ವಾ! ಮೂರು ಸಲ ಒಂದೇ ಅಂಕಿ ಬಂದರೆ ಸರಿ ಅಂತ ಪರೀಕ್ಷೆ ಹಾಕಿದ್ದಿದ್ದರೂ ಹಳೇ ಅಂಕಿ ಮೂರು ಸಲ ಬಂದು ಪಾಸಾಗುತ್ತಿತ್ತು.

ಅವತ್ತು ಮಧ್ಯಾಹ್ನ ಸ್ಕ್ರಿಪ್ಟನ್ನು ಎರಡು ಮಾಡಿದೆ. ಒಂದು ಹಗಲು ಪೂರ್ತಿ ಓದುತ್ತಲೇ ಇರುತ್ತದೆ, ಕೊನೆಯ ಅಂಕಿಯನ್ನು ಮಾತ್ರ ಒಂದು ಫೈಲಿನಲ್ಲಿ ಇಡುತ್ತದೆ. ನೇರವಾಗಿ ಬರೆದರೆ ಅರ್ಧ ಬರೆದದ್ದು ಸಿಗಬಹುದೆಂದು ಬೇರೆ ಫೈಲಿಗೆ ಬರೆದು, ಎಂವಿ ಕಮಾಂಡಿನಿಂದ ಅದನ್ನು ಮೊದಲಿನ ಫೈಲಿನ ಜಾಗಕ್ಕೆ ಸರಿಸುತ್ತದೆ. ಎಂಟರ್ ಒತ್ತಿದಾಗ ಎರಡನೆಯದು ಆ ಫೈಲನ್ನು ನೋಡುತ್ತದೆ. ಫೈಲು ಎರಡು ಸೆಕೆಂಡಿಗಿಂತ ಹಳೆಯದಾದರೆ ತೂಕವನ್ನೇ ತೋರಿಸುವುದಿಲ್ಲ.

ಸಂಜೆ ಅಜ್ಜಿ ಮತ್ತೆ ಬಂದರು. 2.9. ಯಂತ್ರವನ್ನೂ ಪರದೆಯನ್ನೂ ಎರಡೆರಡು ಸಲ ನೋಡಿ, ಕ್ಯಾನು ಎತ್ತಿಕೊಂಡು ಹೋದರು.