ಸ್ಟಾರ್ಟ್ ಆಗದ ಹಳೆಯ ಪೆಟ್ರೋಲ್ ಜೀಪು: ಕಿಡಿ ಎಲ್ಲಿ ನಿಂತಿದೆ ಎಂದು ಹುಡುಕುವ ಕ್ರಮ

ಮಲ್ಪೆ ಬಂದರಿನಿಂದ ಮೀನು ಹೇರಿಕೊಂಡು ಹೊರಡುವ ಲಾರಿ, ಟೆಂಪೋಗಳಲ್ಲಿ ಬಹುತೇಕ ಎಲ್ಲವೂ ಡೀಸೆಲ್ ಗಾಡಿಗಳು. ಅವುಗಳ ಎಂಜಿನಿನಲ್ಲಿ ಕಿಡಿಗೆ ಕೆಲಸವೇ ಇಲ್ಲದ ಕಾರಣ ಇಲ್ಲಿ ಹೇಳುವ ಕ್ರಮ ಅವಕ್ಕೆ ಅನ್ವಯಿಸುವುದಿಲ್ಲ. ಇದು ಪಾಯಿಂಟ್ (ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು), ಕಂಡೆನ್ಸರ್ (ಆ ಪಾಯಿಂಟ್ ಸುಡದಂತೆ ಕಾಯುವ ಭಾಗ), ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಹಂಚುವ ಭಾಗ) ಇರುವ ಹಳೆಯ ಪೆಟ್ರೋಲ್ ಗಾಡಿಗಳಿಗೆ, ಮುಖ್ಯವಾಗಿ ಉಡುಪಿ ಸುತ್ತಿನ ತೋಟದ ಮನೆಗಳಲ್ಲಿ ಉಳಿದುಕೊಂಡಿರುವ ನಾಲ್ಕು ಸಿಲಿಂಡರಿನ, 12 ವೋಲ್ಟಿನ ಜೀಪುಗಳಿಗೆ ಸಂಬಂಧಿಸಿದ್ದು. ಬೇಸಗೆಯಿಡೀ ತಕರಾರಿಲ್ಲದೆ ಓಡಿದ ಗಾಡಿ ಮಳೆ ಸುರಿಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ, ಹೊಸ ಬಿಡಿಭಾಗ ತರಲು ಪೇಟೆಗೆ ಹೊರಡುವ ಮೊದಲು ಕರೆಂಟ್ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂಬುದನ್ನು ಪತ್ತೆ ಹಚ್ಚಬೇಕು. ಅದಕ್ಕೆ ಬೇಕಾದದ್ದು ಒಂದು ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ, ವಯರ್ ಕಟ್ಟಿದ ಸಣ್ಣ ದೀಪ), ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಹಿಡಿಗೆ ಒಳ್ಳೆಯ ಕವಚವಿರುವ ಇಕ್ಕಳ ಮತ್ತು ಕೀ ತಿರುಗಿಸಲು ಇನ್ನೊಬ್ಬರು.

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮೊದಲು ಸೆಲ್ಫಿನ ಸದ್ದನ್ನು ಕೇಳಬೇಕು. ಅದು ಟಕ್ ಎಂದು ನಿಂತರೆ ಅಥವಾ ಎಳೆದೆಳೆದು ತಿರುಗಿದರೆ ಇಗ್ನಿಷನ್ನನ್ನು, ಅಂದರೆ ಕಿಡಿಯ ವ್ಯವಸ್ಥೆಯನ್ನು, ದೂರಿ ಪ್ರಯೋಜನವಿಲ್ಲ. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಕಿಲುಬು ಬೇಗ ಕೂರುತ್ತದೆ. ಕ್ಲಾಂಪ್ ಬಿಚ್ಚಿ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಎಂಜಿನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಉಜ್ಜಿ ಬಿಗಿ ಮಾಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಎಂಜಿನ್ ತಿರುಗಿದರೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಸಾಕಷ್ಟು ಕರೆಂಟ್ ಸಿಗುವುದಿಲ್ಲ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಕಾಯಿಲ್‌ನಿಂದ ಬರುವ ದಪ್ಪ ವಯರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನಿಂದ ಕಿತ್ತು, ಅದರ ತುದಿಯನ್ನು ಎಂಜಿನಿನ ಬಣ್ಣವಿಲ್ಲದ ಲೋಹದಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿ ಇಕ್ಕಳದಿಂದ ಹಿಡಿದು ಸೆಲ್ಫ್ ಹೊಡೆಸಬೇಕು. ಪೆಟ್ರೋಲ್ ವಾಸನೆ ಇದ್ದರೆ ಅದು ಆರುವವರೆಗೆ ಈ ಪರೀಕ್ಷೆ ಬೇಡ, ಬರಿಗೈಯಲ್ಲಂತೂ ಎಂದಿಗೂ ಬೇಡ. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲ್‌ವರೆಗೆ ಎಲ್ಲವೂ ಸರಿಯಿದೆ, ದೋಷ ಕ್ಯಾಪಿನಿಂದ ಮುಂದಕ್ಕಿದೆ. ಹಳದಿ ಬಣ್ಣದ ಸೊರಗಿದ ಕಿಡಿ ಬಂದರೆ ಪಾಯಿಂಟ್ ಮತ್ತು ಕಂಡೆನ್ಸರ್ ಮೇಲೆ ಸಂಶಯ ಪಡಬೇಕು.

ಕಿಡಿಯೇ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಗಾಡಿಯ ಲೋಹದ ಮೈಗೆ ಕಚ್ಚಿಸಿ, ಕೀ ಆನ್ ಮಾಡಿ, ಕಾಯಿಲ್‌ಗೆ ಸ್ವಿಚ್ಚಿನಿಂದ ವಯರ್ ಬರುವ ಟರ್ಮಿನಲ್ ಮುಟ್ಟಬೇಕು. ದೀಪ ಉರಿಯದಿದ್ದರೆ ದೋಷ ಸ್ವಿಚ್ಚಿನಲ್ಲಿ ಅಥವಾ ಅಲ್ಲಿಂದ ಬರುವ ವಯರಿನಲ್ಲಿದೆ. ಉರಿದರೆ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್ ಮುಟ್ಟಿ ಸೆಲ್ಫ್ ಹೊಡೆಸಿದಾಗ ದೀಪ ಮಿಣುಕಬೇಕು: ಪಾಯಿಂಟ್ ತೆರೆದಾಗ ಉರಿಯುತ್ತದೆ, ಮುಚ್ಚಿದಾಗ ಆರುತ್ತದೆ. ಒಂದೇ ಸಮನೆ ಉರಿಯುತ್ತಿದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಅದರ ಮುಖ ಕೊಳೆಯಾಗಿದೆ, ಇಲ್ಲವೇ ನಡುವೆ ವಯರ್ ತುಂಡಾಗಿದೆ. ಒಮ್ಮೆಯೂ ಉರಿಯದಿದ್ದರೆ ಕಾಯಿಲ್ ಒಳಗೆ ಕಡಿದಿದೆ ಅಥವಾ ಪಾಯಿಂಟ್, ಕಂಡೆನ್ಸರ್‌ಗಳಲ್ಲೊಂದು ಲೋಹಕ್ಕೆ ತಗಲಿ ಅರ್ತ್ ಆಗಿದೆ.

ನಮ್ಮ ಮನೆಯ ಜೀಪಿಗೆ ಒಂದು ಮಳೆಗಾಲದಲ್ಲಿ ಗ್ಯಾರೇಜಿನವರು ಹೊಸ ಕಾಯಿಲ್, ಹೊಸ ಕಂಡೆನ್ಸರ್ ಎರಡನ್ನೂ ಹಾಕಿ ದುಡ್ಡು ಪಡೆದರೂ ಕಿಡಿ ಮಾತ್ರ ಬರಲಿಲ್ಲ. ಮನೆಗೆ ತಂದು ನೋಡಿದರೆ ದೀಪ ಮಿಣುಕದೆ ಉರಿಯುತ್ತಲೇ ಇತ್ತು. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟಿಗೆ ಹೋಗುವ ಬೆರಳುದ್ದದ ವಯರನ್ನು ಮೆಲ್ಲಗೆ ಎಳೆದಾಗ ಅದು ರಬ್ಬರಿನಂತೆ ಹಿಗ್ಗಿತು. ಹೊರಗಿನ ಕವಚ ನೆಟ್ಟಗಿದ್ದು ಒಳಗಿನ ತಾಮ್ರ ತುಂಡಾಗಿತ್ತು! ಅಂದಿನಿಂದ ನಾನು ಪಾಯಿಂಟ್ ನೋಡುವ ಮೊದಲು ಆ ವಯರನ್ನು ಎಳೆದು ನೋಡುತ್ತೇನೆ.

ಪಾಯಿಂಟಿನ ಮುಖಗಳು ಕಪ್ಪಾಗಿದ್ದರೆ ಸಣ್ಣ ಅರದಿಂದ ಉಜ್ಜಿ, ಒಣ ರಟ್ಟಿನ ಚೂರನ್ನು ನಡುವೆ ಎಳೆದು ಹುಡಿ ತೆಗೆಯಬೇಕು. ಡಿಸ್ಟ್ರಿಬ್ಯೂಟರ್ ನಡುವೆ ತಿರುಗುವ ಕ್ಯಾಮಿನ ಏಣು ಪಾಯಿಂಟನ್ನು ಪೂರ್ತಿ ತೆರೆದಿರುವಾಗ 0.5 ಮಿಲಿಮೀಟರ್ ಗ್ಯಾಪ್ ಇರಬೇಕು. ಉಜ್ಜಿದ ಕೆಲವೇ ದಿನಗಳಲ್ಲಿ ಮತ್ತೆ ಸುಟ್ಟರೆ ಕಂಡೆನ್ಸರ್ ಬದಲಿಸುವುದು ಸರಿ. ಕೀ ಆನ್ ಇಟ್ಟು ಗಂಟೆಗಟ್ಟಲೆ ಪರೀಕ್ಷೆ ಮಾಡಬಾರದು, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಬಿಸಿಯೇರಿ ಕೆಡುತ್ತದೆ.

ಕಾಯಿಲ್‌ನ ಕಿಡಿ ಚೆನ್ನಾಗಿದ್ದರೆ ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಬೇಕು. ಒಳಗೆ ಇಬ್ಬನಿಯಂತೆ ಪಸೆ ಕೂತಿದ್ದರೆ ಒಣಬಟ್ಟೆಯಿಂದ ಒರೆಸಿ, ಒಲೆಯ ಪಕ್ಕ ಬೆಚ್ಚಗೆ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಮಳೆಗಾಲದ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ. ಆದರೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ ಕಂಡರೆ ಕರೆಂಟ್ ಆ ದಾರಿಯಲ್ಲೇ ಸೋರುತ್ತಿದೆ. ಅಂಥ ಕ್ಯಾಪನ್ನು ಒಣಗಿಸಿ ಫಲವಿಲ್ಲ, ಬದಲಿಸಲೇಬೇಕು. ನಡುವಿನ ಕಾರ್ಬನ್ ತುಂಡು ಸ್ಪ್ರಿಂಗಿನ ಮೇಲೆ ಆಡುತ್ತಿದೆಯೇ, ಕ್ಯಾಪಿನ ಕೆಳಗೆ ತಿರುಗುವ ರೋಟರ್ ಬಿರುಕು ಬಿಟ್ಟಿದೆಯೇ ಎಂದೂ ನೋಡಬೇಕು. ಪ್ಲಗ್ ವಯರ್‌ಗಳು ಹಳೆಯದಾಗಿದ್ದರೆ ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದಾಗ ಸೋರುವ ಜಾಗದಲ್ಲಿ ನೀಲಿ ಮಿಂಚು ಕಾಣುತ್ತದೆ. ವಯರ್‌ಗಳನ್ನು ಕಿತ್ತಿದ್ದರೆ ರೋಟರ್ ತಿರುಗುವ ದಿಕ್ಕಿನಲ್ಲಿ 1-3-4-2 ಎಂಬ ಸಿಲಿಂಡರ್ ಕ್ರಮದಲ್ಲೇ ಮರಳಿ ಜೋಡಿಸಬೇಕು.

ಕೊನೆಗೆ ಪ್ಲಗ್ ಬಿಚ್ಚಿ, ಮಸಿ ಒರೆಸಿ, ಗ್ಯಾಪನ್ನು 0.75 ಮಿಲಿಮೀಟರಿಗೆ ಹೊಂದಿಸಬೇಕು. ಪ್ಲಗ್‌ಗಳು ಪೆಟ್ರೋಲಿನಲ್ಲಿ ತೊಯ್ದಿದ್ದರೆ ಒಣಗಿಸಿ ಹಾಕಿ, ಚೋಕ್ ಎಳೆಯದೆ ಇನ್ನೊಮ್ಮೆ ಸೆಲ್ಫ್ ಹೊಡೆಯಬೇಕು. ಕಿಡಿ ಚೆನ್ನಾಗಿದ್ದು ಪ್ಲಗ್ ಪೂರ್ತಿ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲವೆಂದೇ ಅರ್ಥ. ಆಗ ಡಿಸ್ಟ್ರಿಬ್ಯೂಟರ್ ಮುಚ್ಚಿ ಪಂಪ್ ಮತ್ತು ಕಾರ್ಬ್ಯುರೇಟರ್ ಕಡೆ ಹೋಗಬೇಕು.