ಹಳೆ ಬೈಕಿನ ಎಂಜಿನ್ ಟಕಟಕ ಎನ್ನುತ್ತಿದೆಯೇ? ಬಿಚ್ಚಿಸುವ ಮೊದಲು ಕಿವಿಗೊಡಿ

ಸೆಕೆಂಡ್ ಹ್ಯಾಂಡ್ ಬೈಕ್ ಮನೆಗೆ ಬಂದ ಕೆಲವೇ ದಿನಗಳಲ್ಲಿ ಎಂಜಿನ್ನಿನಿಂದ ಟಕಟಕ ಸದ್ದು ಕೇಳಿಸಿದರೆ ಬಹುತೇಕರು ಸೀದಾ ಗ್ಯಾರೇಜಿಗೆ ಓಡುತ್ತಾರೆ. ಅಲ್ಲಿ ಆಕ್ಸಿಲರೇಟರ್ ನಾಲ್ಕು ಸಲ ತಿರುಚಿ, ‘ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ, ಎಂಜಿನ್ನಿನ ತಳದ ದಂಡ) ಹೋಗಿದೆ, ಎಂಜಿನ್ ಇಳಿಸಬೇಕು’ ಎಂಬ ತೀರ್ಪು ಬರುತ್ತದೆ. ಸಾವಿರಾರು ರೂಪಾಯಿ ಸುರಿದ ಮೇಲೆ, ಸದ್ದಿಗೆ ಕಾರಣ ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಫೌಂಡೇಶನ್ ಬೋಲ್ಟ್ ಸಡಿಲಗೊಂಡದ್ದು ಎಂದು ತಿಳಿದು ಪೆಚ್ಚಾದವರನ್ನು ಕಂಡಿದ್ದೇನೆ. ಸ್ಪ್ಲೆಂಡರ್, ಪ್ಯಾಶನ್ ತರಹದ ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್‌ಗಳಲ್ಲಿ ಸದ್ದಿನ ಮೂಲವನ್ನು ಹೆಚ್ಚುಕಡಿಮೆ ಮನೆಯಂಗಳದಲ್ಲೇ ಪತ್ತೆ ಮಾಡಬಹುದು.

ಮೊದಲು ಹೊರಗಿನದು. ಫೌಂಡೇಶನ್ ಬೋಲ್ಟ್, ಸೈಲೆನ್ಸರಿನ ನಟ್, ಅದರ ಮೇಲಿನ ತಗಡು, ಚೈನ್ ಕವರ್ ಎಲ್ಲವನ್ನೂ ಅಲುಗಾಡಿಸಿ ನೋಡಿ, ಸಡಿಲವಿದ್ದರೆ ಬಿಗಿ ಮಾಡಿ.

ಎರಡನೆಯದು ಆಯಿಲ್. ಮಾರುವವರ ಹಳೆಯ ಕೈಚಳಕ ಇರುವುದೇ ಇಲ್ಲಿ. ಸವೆದ ಎಂಜಿನ್ನಿನ ಸದ್ದನ್ನು ಅಡಗಿಸಲು 10ಡಬ್ಲ್ಯೂ-30 ಗ್ರೇಡಿನ ತೆಳು ಆಯಿಲ್ ಹಾಕಬೇಕಾದ ಕಡೆ ದಪ್ಪನೆಯ 20ಡಬ್ಲ್ಯೂ-50 ಸುರಿಯುತ್ತಾರೆ. ಗೇರ್ ಆಯಿಲ್ ಬೆರೆಸುವ ಮಹಾನುಭಾವರೂ ಇದ್ದಾರೆ. ಆದ್ದರಿಂದ ಇದ್ದ ಆಯಿಲನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಇಳಿಸಿದ್ದನ್ನು ಚೆಲ್ಲಬೇಡಿ. ಬಿಳಿ ಬಟ್ಟೆಯಲ್ಲಿ ಸೋಸಿ, ಉಳಿದದ್ದರ ಹತ್ತಿರ ಅಯಸ್ಕಾಂತ ಹಿಡಿಯಿರಿ. ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದರೆ ಗಾಬರಿ ಬೇಡ. ಉಗುರಿಗೆ ಚುಚ್ಚುವಂಥ ಉಕ್ಕಿನ ಚಕ್ಕೆಗಳು ಅಂಟಿದರೆ ಒಳಗೆ ಬೇರಿಂಗೋ ಗೇರೋ ಉದುರುತ್ತಿದೆ ಎಂದೇ ಅರ್ಥ. ಗಾಡಿಯನ್ನು ಅಲ್ಲೇ ನಿಲ್ಲಿಸಿ. ‘ಸದ್ದು ಮಾಯ’ ಎಂದು ಮಾರುವ ಪುಟ್ಟ ಬಾಟಲಿಗಳ ದ್ರವವನ್ನು ಮಾತ್ರ ಹಾಕಬೇಡಿ. ಇಂಥ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಸದ್ದು ಹೋಗದು, ಕ್ಲಚ್ ಜಾರತೊಡಗುತ್ತದೆ.

ಇನ್ನು ಆಲಿಸುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟಬೇಡಿ, ರೇಸ್ ಮಾಡಿದರೆ ಎಲ್ಲ ಸದ್ದೂ ಕಲಸಿಹೋಗುತ್ತದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ. ವೈದ್ಯರ ಸ್ಟೆತೊಸ್ಕೋಪಿನಂತೆ ತುದಿ ಮುಟ್ಟಿದ ಜಾಗದ ಸದ್ದಷ್ಟೇ ಎದ್ದು ಕೇಳುತ್ತದೆ. ಶಾಲು, ದುಪಟ್ಟಾ ತೆಗೆದಿಡಿ. ಹಿಂದಿನ ಚಕ್ರ, ಚೈನಿನಿಂದ ದೂರವಿರಿ.

ಮೊದಲು ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಮೇಲಿನ ಟ್ಯಾಪೆಟ್ ಮುಚ್ಚಳದ ಮೇಲಿಡಿ; ವಾಲ್ವ್‌ಗಳನ್ನು ಒತ್ತುವ ಭಾಗವೇ ಟ್ಯಾಪೆಟ್. ಹಗುರಾದ, ಚುರುಕಾದ ಟಿಕ್ ಟಿಕ್ ಇಲ್ಲಿಯೇ ಜೋರಾಗಿದ್ದರೆ ಅದು ಟ್ಯಾಪೆಟ್. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಟ್ಯಾಪೆಟ್ಟನ್ನು ಆಡಿಸುವ ಕ್ಯಾಮ್ ತಿರುಗುವುದು ಒಂದೇ ಸುತ್ತು; ಹಾಗಾಗಿ ಟ್ಯಾಪೆಟ್ಟಿನ ಲಯ ಕೆಳಗಿನ ಬಡಿತದ ಅರ್ಧದಷ್ಟೇ. ಕಾರ್ಬ್ಯುರೇಟರ್ ಬೈಕಾದರೆ ಐಡಲ್ ಸ್ಕ್ರೂ ಸಡಿಲಿಸಿ ಎಂಜಿನ್ನನ್ನು ನಿಧಾನ ಮಾಡಿದಾಗ ಈ ವ್ಯತ್ಯಾಸ ಕಿವಿಗೆ ಸಿಗುತ್ತದೆ. 2020ರ ನಂತರದ ಬಿಎಸ್-6 ಇಂಜೆಕ್ಷನ್ ಬೈಕುಗಳಲ್ಲಿ ಈ ಅನುಕೂಲವಿಲ್ಲ. ಎಡಬದಿಯಲ್ಲಿ, ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಉದ್ದಕ್ಕೂ ಗರಗರ ಎಂದು ಉಜ್ಜಿದಂತೆ ಕೇಳಿ, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದರೆ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಮೇಲೆ ಅನುಮಾನ. ಬಲಗಡೆಯ ಸದ್ದು ಕ್ಲಚ್ ಹಿಡಿದೊಡನೆ ಬದಲಾದರೆ ಕ್ಲಚ್ ಹೌಸಿಂಗ್.

ಈಗ ಹತ್ತು ನಿಮಿಷ ಓಡಿಸಿ ಬಂದು ಮತ್ತೆ ಆಲಿಸಿ. ತಣ್ಣಗಿದ್ದಾಗ ಬೋರಿನಲ್ಲಿ ಟೊಕಟೊಕ ಎಂದು, ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಸವೆದಿದೆ. ಹೊಗೆ ಬರದಿದ್ದರೆ ಇನ್ನೂ ಸಾಕಷ್ಟು ದಿನ ಓಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬಿಸಿಯಾದಷ್ಟೂ ಜೋರಾಗುವ, ಕೆಳಗಿನ ಕ್ರ್ಯಾಂಕ್‌ಕೇಸಿನಿಂದ ಬರುವ ದಪ್ಪ ದನಿಯ ಬಡಿತಕ್ಕೆ ಹೆದರಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದಾಗ ಅದು ಪಾದಕ್ಕೇ ತಟ್ಟುತ್ತದೆ. ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ, ಅಂದರೆ ಬಿಗ್ ಎಂಡಿನ ಸದ್ದು. ಏರಿನಲ್ಲಿ ಮಾತ್ರ ಕಿಣಿಕಿಣಿ ಎಂದು, ಗೇರ್ ಇಳಿಸಿದೊಡನೆ ನಿಂತರೆ ಅದು ಇಂಧನ ಅಕಾಲದಲ್ಲಿ ಉರಿಯುವ ಸದ್ದು. ಪ್ಲಗ್, ಪೆಟ್ರೋಲ್, ಹೆಡ್ಡಿನಲ್ಲಿ ಕಟ್ಟಿದ ಕಾರ್ಬನ್ ನೋಡಿಸಿ. ಪ್ಲಗ್ಗಿನ ವೈರ್ ಕಿತ್ತು ಪರೀಕ್ಷಿಸುವ ಉಪಾಯ ನಾಲ್ಕು ಸಿಲಿಂಡರಿನ ಕಾರಿಗೆ ಸರಿ. ಇಲ್ಲಿ ಕಿತ್ತರೆ ಎಂಜಿನ್ನೇ ನಿಲ್ಲುತ್ತದೆ.

ಟ್ಯಾಪೆಟ್ ಎಂದು ಖಚಿತವಾದರೆ ಎಂಜಿನ್ ಪೂರ್ತಿ ತಣಿದಾಗಲೇ ಮುಚ್ಚಳ ತೆಗೆಯಿರಿ. ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತ ಮ್ಯಾಗ್ನೆಟ್ಟಿನ (ಕ್ರ್ಯಾಂಕಿನ ತುದಿಯ ಚಕ್ರದ) ‘ಟಿ’ ಗುರುತನ್ನು ಕವರಿನ ಕಚ್ಚಿಗೆ ಹೊಂದಿಸಿ. ವಾಲ್ವ್ ಒತ್ತುವ ಎರಡೂ ರಾಕರ್‌ಗಳು ಸ್ವಲ್ಪ ಅಲುಗಬೇಕು. ಅಲುಗದಿದ್ದರೆ ಗುರುತು ಮತ್ತೆ ಬರುವಂತೆ ಕ್ರ್ಯಾಂಕ್ ಇನ್ನೊಂದು ಪೂರ್ತಿ ಸುತ್ತು ತಿರುಗಲಿ. ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ರಾಕರಿನ ಸ್ಕ್ರೂಗೂ ವಾಲ್ವಿಗೂ ನಡುವಿನ ಅಂತರ ಕೈಪಿಡಿಯಲ್ಲಿರುವಷ್ಟೇ ಇರಲಿ. ನೂರು ಸಿಸಿಯ ಬೈಕುಗಳಲ್ಲಿ ಅದು ಸಾಮಾನ್ಯವಾಗಿ 0.1 ಮಿಲಿಮೀಟರಿಗಿಂತ ಕಡಿಮೆ. ಲಾಕ್ ನಟ್ ಬಿಗಿದಾಗ ಸ್ಕ್ರೂ ತುಸು ತಿರುಗಿ ಅಳತೆ ಕೆಡುತ್ತದೆ, ಆದ್ದರಿಂದ ಬಿಗಿದ ಮೇಲೆ ಗೇಜನ್ನು ಇನ್ನೊಮ್ಮೆ ತೂರಿಸಿ. ಸದ್ದೇ ಇಲ್ಲದಂತೆ ಬಿಗಿ ಮಾಡಿಕೊಡುವ ಮೆಕ್ಯಾನಿಕ್ ನನಗಂತೂ ಬೇಡ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸಣ್ಣ ಟಿಕ್ ಟಿಕ್ ಇದ್ದರೆ ಇರಲಿ.

ರಾಡ್ ಎಂದೇ ತೀರ್ಮಾನವಾಗಿ ಬೋರ್ ಇಳಿಸಿದರೆ ಎದುರಿಗೇ ನಿಂತು ನೋಡಿ. ರಾಡನ್ನು ಮೇಲಕ್ಕೂ ಕೆಳಕ್ಕೂ ಎಳೆಯಲು ಹೇಳಿ. ಪಕ್ಕಕ್ಕೆ ಸ್ವಲ್ಪ ಜಾರಿದರೆ ಅದು ದೋಷವಲ್ಲ. ಅದನ್ನೇ ತೋರಿಸಿ ಹೆದರಿಸುವವರಿದ್ದಾರೆ. ನೇರವಾಗಿ ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದರೂ ಹೊಸ ರಾಡ್ ಕಿಟ್ ಬೇಕು. ಆಗ ಕ್ರ್ಯಾಂಕನ್ನು ಪ್ರೆಸ್ ಮಾಡಿಸಲು ಅಲೈನ್‌ಮೆಂಟ್ ನೋಡಿ ಕೊಡುವ ಲೇಥ್ ಅಂಗಡಿಗೇ ಕಳುಹಿಸಿ, ಸುತ್ತಿಗೆಯಲ್ಲಿ ಬಡಿದು ಕೂರಿಸುವವರಿಗೆ ಕೊಡಬೇಡಿ.